ನಮ್ಮೂರಿನ ‘ಭೂಕಂಪದ ಆಫೀಸು’

ಬೆಂಗಳೂರಿನಿಂದ ಹಿಂದೂಪುರದ ಕಡೆ ಹೋಗುವ ರೈಲಿನಲ್ಲಿ ತಿಂಗಳಿಗೆ ಎರಡು ಸಲವಾದರೂ ಊರಿಗೆ ಹೋಗಿ ಬರುವವನು ನಾನು. ನಮ್ಮದು ಗೌರಿಬಿದನೂರು ತಾಲ್ಲೂಕು. ಹಾಸ್ಟೆಲ್‌ನಲ್ಲಿ ಯಾರಾದರೂ ‘ಯಾವೂರು?’ ಎಂದು ಕೇಳಿದರೆ ವಿದುರಾಶ್ವತ್ಥದ ಹೆಸರು ಹೇಳುತ್ತೇನೆ, ಎಚ್. ನರಸಿಂಹಯ್ಯನವರ ಹೆಸರು ಹೇಳುತ್ತೇನೆ. ಅದಕ್ಕೂ ಗುರುತು ಸಿಗದಿದ್ದರೆ ‘ದೊಡ್ಡಬಳ್ಳಾಪುರ ದಾಟಿ ಮುಂದೆ’ ಎಂದು ಮುಗಿಸಿಬಿಡುತ್ತೇನೆ. ನಮ್ಮ ತಾಲ್ಲೂಕಿನ ಹೆಸರು ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾದ ಭೂಕಂಪ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು ಎಂಬುದು ನನಗೆ ತಿಳಿದದ್ದು ಕಳೆದ ವರ್ಷ, ಐದನೇ ಸೆಮಿಸ್ಟರ್‌ನಲ್ಲಿ.

ಚಿಕ್ಕವನಿದ್ದಾಗ ತಾತನ ಜೊತೆ ಸ್ಕೂಟರ್‌ನಲ್ಲಿ ಹೋಗುವಾಗ ಬೇಲಿ ಹಾಕಿದ ಜಾಗವೊಂದನ್ನು ತೋರಿಸಿ ‘ಅದೇನು ತಾತ?’ ಎಂದು ಕೇಳಿದ್ದೆ. ‘ಅದು ಭೂಕಂಪದ ಆಫೀಸು ಕಣಪ್ಪ. ಭೂಮಿ ಅಲ್ಲಾಡಿದ್ರೆ ಅವರಿಗೆ ಮೊದಲು ಗೊತ್ತಾಗುತ್ತೆ’ ಎಂದಿದ್ದರು. ನಾನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ. ಆದರೆ ಆಗಾಗ ಒಂದು ಅನುಮಾನ ಬರುತ್ತಿತ್ತು. ನಮ್ಮ ಕಡೆ ಭೂಕಂಪವೇ ಆಗುವುದಿಲ್ಲವಲ್ಲ, ಆಫೀಸು ಇಲ್ಲೇಕೆ?

ಉತ್ತರ ಸಿಕ್ಕಿದ್ದು ಸೆಮಿನಾರ್ ವಿಷಯ ಹುಡುಕುವಾಗ. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್. ಆಂಟೆನಾ ಅರೇ ಪಾಠ ನಡೆಯುತ್ತಿತ್ತು. ಒಂದೇ ದೊಡ್ಡ ಆಂಟೆನಾ ಬದಲು ಹತ್ತಾರು ಸಣ್ಣವನ್ನು ಸಾಲಾಗಿ ನಿಲ್ಲಿಸಿ, ಅವುಗಳ ಸಂಕೇತಗಳನ್ನು ಸರಿಯಾದ ವಿಳಂಬದೊಂದಿಗೆ ಕೂಡಿಸಿದರೆ ಏನಾಗುತ್ತದೆ ಎಂಬ ಲೆಕ್ಕ. ‘ಅರೇ’ ಎಂದು ಹುಡುಕುತ್ತಾ ಹೋದಂತೆ ನಮ್ಮೂರಿನ ಹೆಸರು ಎರಡು ಸಲ ಬಂತು. ಒಂದು, ಆಕಾಶಕ್ಕೆ ಕಿವಿಗೊಟ್ಟ ರೇಡಿಯೊ ದೂರದರ್ಶಕ. ಅದು ಗೊತ್ತಿತ್ತು, ಶಾಲೆಯಿಂದ ಪ್ರವಾಸ ಕರೆದುಕೊಂಡು ಹೋಗಿದ್ದರು. ಇನ್ನೊಂದು, ನೆಲಕ್ಕೆ ಕಿವಿಗೊಟ್ಟ ‘ಗೌರಿಬಿದನೂರು ಸೀಸ್ಮಿಕ್ ಅರೇ’. ತಾತನ ಭೂಕಂಪದ ಆಫೀಸು. ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ್ದು. 1960ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ಪರಮಾಣು ಇಲಾಖೆಯ ಸಹಕಾರದೊಂದಿಗೆ ಅದನ್ನು ಕಟ್ಟಿದ ಮುಖ್ಯ ಉದ್ದೇಶ ಬೇರೆ ದೇಶಗಳು ನೆಲದೊಳಗೆ ಸಿಡಿಸುವ ಅಣುಬಾಂಬುಗಳನ್ನು ಪತ್ತೆ ಹಚ್ಚುವುದು!

ಇಪ್ಪತ್ತು ಕಿವಿಗಳು

1963ರ ಆಗಸ್ಟ್ 5ರಂದು ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಮಾಸ್ಕೋದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಗಾಳಿಯಲ್ಲಿ, ನೀರಿನೊಳಗೆ, ಬಾಹ್ಯಾಕಾಶದಲ್ಲಿ ಅಣುಬಾಂಬು ಪರೀಕ್ಷಿಸುವಂತಿಲ್ಲ ಎಂಬ ಒಪ್ಪಂದ. ನೆಲದೊಳಗಿನ ಪರೀಕ್ಷೆ ಮಾತ್ರ ಅದರಿಂದ ಹೊರಗುಳಿಯಿತು. ಹಾಗಾಗಿ ಎಲ್ಲರೂ ನೆಲದೊಳಗೆ ಇಳಿದರು. ಅಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳಲು ಬ್ರಿಟಿಷ್ ವಿಜ್ಞಾನಿಗಳು ಒಂದೇ ಮಾದರಿಯ ಕೇಂದ್ರಗಳನ್ನು ರೂಪಿಸಿದರು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಾಮುಂಗಾ, ನಮ್ಮ ಗೌರಿಬಿದನೂರು. ಈ ನಾಲ್ಕು ಒಂದೇ ಮನೆಯ ಮಕ್ಕಳಿದ್ದಂತೆ. ಭೂಕಂಪ ಕಡಿಮೆ, ನೆಲದಡಿ ಗಟ್ಟಿಯಾದ ಹಳೆಯ ಬಂಡೆ, ಗದ್ದಲವೂ ಕಡಿಮೆ. ನನ್ನ ಬಾಲ್ಯದ ಅನುಮಾನಕ್ಕೆ ಇಲ್ಲೇ ಉತ್ತರವಿತ್ತು. ಭೂಮಿ ಅಲ್ಲಾಡದ ಜಾಗದಲ್ಲೇ ದೂರದ ಅಲ್ಲಾಟ ಚೆನ್ನಾಗಿ ಕೇಳಿಸುತ್ತದೆ.

ಆ ಹೊತ್ತಿಗೆ, 1964ರ ಅಕ್ಟೋಬರ್ 16ರಂದು, ಚೀನಾ ತನ್ನ ಲಾಪ್ ನೂರ್ ಮರುಭೂಮಿಯಲ್ಲಿ ಮೊದಲ ಬಾಂಬು ಸಿಡಿಸಿತ್ತು. ಮುಂದೆ ಚೀನಾವೂ ನೆಲದೊಳಗೆ ಇಳಿಯಿತು. ಲಾಪ್ ನೂರ್‌ಗೂ ಗೌರಿಬಿದನೂರಿಗೂ ನಡುವೆ ಸುಮಾರು 3,300 ಕಿಲೋಮೀಟರ್ ದೂರ. ಅಲ್ಲಿ ನೆಲದೊಳಗೆ ಸಿಡಿದರೆ ಅದರ ಮೊದಲ ಅಲೆ ಹಿಮಾಲಯದ ಬುಡಕ್ಕೂ ಕೆಳಗಿನಿಂದ ಬಳಸಿ ನಮ್ಮೂರಿನ ಬಂಡೆ ತಲುಪಲು ಬೇಕಾಗುವುದು ಹೆಚ್ಚುಕಡಿಮೆ ಆರು ನಿಮಿಷ. ನಮ್ಮ ರೈಲು ದೊಡ್ಡಬಳ್ಳಾಪುರದಲ್ಲಿ ಕ್ರಾಸಿಂಗ್‌ಗೆ ನಿಲ್ಲುವುದು ಅದಕ್ಕಿಂತ ಹೆಚ್ಚು ಹೊತ್ತು.

ಅಷ್ಟು ದೂರದಿಂದ ಬರುವ ಅಲೆ ಎಷ್ಟು ಕ್ಷೀಣವಾಗಿರುತ್ತದೆ ಎಂದರೆ ಗಾಳಿಗೆ ಮರ ಅಲ್ಲಾಡುವುದು, ದೂರದ ಲಾರಿ, ಬೋರ್‌ವೆಲ್ ಪಂಪು, ಎಲ್ಲವೂ ಅದನ್ನು ನುಂಗಿಹಾಕಬಲ್ಲವು. ಇಲ್ಲೇ ಅರೇ ಉಪಯೋಗಕ್ಕೆ ಬರುವುದು. ಗೌರಿಬಿದನೂರಿನಲ್ಲಿ ಇಂಗ್ಲಿಷಿನ ‘ಎಲ್’ ಆಕಾರದ ಎರಡು ಸಾಲುಗಳಲ್ಲಿ 20 ಕಂಪನಮಾಪಕಗಳಿವೆ. ಒಂದೊಂದು ಸಾಲೂ 20 ಕಿಲೋಮೀಟರಿಗಿಂತ ಉದ್ದ. ದೂರದಿಂದ ಬಂದ ಅಲೆ ಈ ತುದಿಯಿಂದ ಆ ತುದಿಗೆ ಹಾಯಲು ಒಂದೆರಡು ಸೆಕೆಂಡು. ಆ ವ್ಯತ್ಯಾಸದಿಂದ ಅಲೆ ಯಾವ ದಿಕ್ಕಿನಿಂದ ಬಂತು ಎಂದು ಗೊತ್ತಾಗುತ್ತದೆ. ವ್ಯತ್ಯಾಸವನ್ನು ಸರಿಪಡಿಸಿ ಇಪ್ಪತ್ತನ್ನೂ ಕೂಡಿಸಿದರೆ ಅಲೆ ಒಂದರ ಮೇಲೊಂದು ಕೂತು ಬಲಿಯುತ್ತದೆ. ಗದ್ದಲ ಒಂದಕ್ಕೊಂದು ಹೊಂದದೆ ಕುಗ್ಗುತ್ತದೆ. ಲಾಭ ಇಪ್ಪತ್ತರ ವರ್ಗಮೂಲದಷ್ಟು, ಅಂದರೆ ಹತ್ತಿರ ಹತ್ತಿರ ನಾಲ್ಕೂವರೆ ಪಟ್ಟು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಸೂತ್ರ ನಮ್ಮೂರಿನ ಹೊಲಗಳ ನಡುವೆ ನಾನು ಹುಟ್ಟುವ ಎಷ್ಟೋ ಮೊದಲಿನಿಂದ ಕೆಲಸ ಮಾಡುತ್ತಿದೆ ಎಂದು ಗೊತ್ತಾದಾಗ ನನಗೆ ಸ್ವಲ್ಪ ನಾಚಿಕೆಯೇ ಆಯಿತು.

ಕೇಳಿಸಿದ್ದು ಭೂಕಂಪವೋ ಬಾಂಬೋ ಎಂದು ತಿಳಿಯುವುದು ಹೇಗೆ? ಭೂಕಂಪದಲ್ಲಿ ಬಂಡೆಯ ಎರಡು ಭಾಗಗಳು ಒಂದನ್ನೊಂದು ಉಜ್ಜಿ ಜಾರುತ್ತವೆ. ಕೆಲವು ದಿಕ್ಕಿಗೆ ಮೊದಲು ತಳ್ಳಾಟ ಹೋಗುತ್ತದೆ, ಕೆಲವು ದಿಕ್ಕಿಗೆ ಎಳೆತ. ಬಾಂಬಿಗೆ ಗೊತ್ತಿರುವುದು ಎಲ್ಲ ಕಡೆಗೂ ಒಂದೇ ಸಲ ತಳ್ಳುವುದು. ಜಾರಿಕೆಯಿಂದ ಹುಟ್ಟುವ ಅಡ್ಡ ಅಲೆಗಳು, ನೆಲದ ಮೇಲ್ಮೈಯಲ್ಲಿ ಸಾಗುವ ನಿಧಾನದ ಅಲೆಗಳು ಭೂಕಂಪದಲ್ಲಿ ಜೋರಾಗಿರುತ್ತವೆ, ಸ್ಫೋಟದಲ್ಲಿ ಕಡಿಮೆ. ಇದರ ಜೊತೆಗೆ ಆಳವೂ ಸುಳಿವು ಕೊಡುತ್ತದೆ. ಹತ್ತಾರು ಕಿಲೋಮೀಟರ್ ಆಳದಲ್ಲಿ ಯಾರೂ ಬಾಂಬು ಹೂಳಲಾರರು.

ಹಾಸಿಗೆ, ಗೂಡ್ಸ್ ರೈಲು ಮತ್ತು ಒಂದು ಜಗಳ

ಸೆಮಿನಾರ್ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಮಿನಿ ಪ್ರಾಜೆಕ್ಟ್ ಎಂಬುದೊಂದು ಇದೆಯಲ್ಲ. ನಾವು ಮೂವರು ಸೇರಿ ನಾಲ್ಕು ಜಿಯೋಫೋನ್ ತರಿಸಿದೆವು. ನೆಲದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನ ಅದು. ಉಳಿದ ಬೋರ್ಡು, ತಂತಿ, ಆಂಪ್ಲಿಫಯರ್ ಎಲ್ಲ ಎಸ್.ಪಿ. ರಸ್ತೆಯಿಂದ. ಹಾಸ್ಟೆಲ್ ಮೈದಾನದ ಅಂಚಿನಲ್ಲಿ ಇಪ್ಪತ್ತು ಮೀಟರಿಗೊಂದರಂತೆ ‘ಎಲ್’ ಆಕಾರದಲ್ಲೇ ಹೂತೆವು. ನಾಲ್ಕರ ವರ್ಗಮೂಲ ಎರಡು. ಗದ್ದಲ ಅರ್ಧವಾದರೆ ಸಾಕಿತ್ತು.

ಬಾಂಬು ಸಿಡಿಸುವ ದೇಶವಾಗಲು ನನ್ನ ರೂಮ್‌ಮೇಟ್ ಒಪ್ಪಿದ. ಅವನು ಮೆಕ್ಯಾನಿಕಲ್. ಜಿಮ್‌ನಿಂದ ಹತ್ತು ಕೆ.ಜಿ. ಕಬ್ಬಿಣದ ಪ್ಲೇಟ್ ತಂದ. ನಿಯಮ ಇಷ್ಟು: ರಾತ್ರಿ ಒಂಬತ್ತರಿಂದ ಹತ್ತರೊಳಗೆ ಮೈದಾನದ ಆ ಕಡೆ, ಕತ್ತಲಲ್ಲಿ, ಅವನು ಪ್ಲೇಟನ್ನು ಬೀಳಿಸಬಹುದು, ಬೀಳಿಸದೆಯೂ ಇರಬಹುದು. ಎಷ್ಟು ಸಲ ಬೀಳಿಸಿದ ಎಂದು ನಾವು ಲ್ಯಾಪ್‌ಟಾಪ್ ನೋಡಿ ಹೇಳಬೇಕು.

ಮೊದಲ ರಾತ್ರಿ ಆರಕ್ಕೆ ಆರೂ ಹಿಡಿದೆವು. ಕುಣಿದಾಡಿದೆವು. ಎರಡನೇ ರಾತ್ರಿ ಐದರಲ್ಲಿ ಎರಡು ಮಾತ್ರ ಸಿಕ್ಕವು. ಹೋಗಿ ನೋಡಿದರೆ ಭೂಪ ಸ್ಟೋರ್ ರೂಮಿನಿಂದ ಹಳೆಯ ಹಾಸಿಗೆ ಎಳೆದು ತಂದು ಅದರ ಮೇಲೆ ಬೀಳಿಸುತ್ತಿದ್ದಾನೆ. ನಾನು ಮೋಸ ಎಂದೆ. ಅವನು ಎಂಜಿನಿಯರಿಂಗ್ ಎಂದ. ಆಮೇಲೆ ಓದಿದಾಗ ಗೊತ್ತಾಯಿತು, ಈ ಹಾಸಿಗೆಯ ಉಪಾಯವನ್ನು ಅಮೆರಿಕ ನಿಜವಾಗಿಯೂ ಪರೀಕ್ಷಿಸಿ ನೋಡಿತ್ತು. ಮಿಸಿಸಿಪ್ಪಿ ರಾಜ್ಯದ ಉಪ್ಪಿನ ಪದರದಲ್ಲಿ 1964ರಲ್ಲಿ ಒಂದು ಬಾಂಬು ಸಿಡಿಸಿ, ಅದರಿಂದ ಉಂಟಾದ ಗುಹೆಯೊಳಗೆ 1966ರಲ್ಲಿ ಇನ್ನೊಂದು ಚಿಕ್ಕದನ್ನು ಸಿಡಿಸಿದರು. ಸುತ್ತಲೂ ಖಾಲಿ ಜಾಗ ಇದ್ದುದರಿಂದ ಬಂಡೆಗೆ ಹತ್ತಿದ ಕಂಪನ ಹತ್ತಾರು ಪಟ್ಟು ಕುಗ್ಗಿತು.

ಮೂರನೇ ರಾತ್ರಿ ಅವನು ಇನ್ನೂ ಬುದ್ಧಿವಂತನಾದ. ಕಾಲೇಜಿನ ಹಿಂದೆ ರೈಲು ಹಳಿ ಇದೆ. ಗೂಡ್ಸ್ ರೈಲು ಬರುವವರೆಗೂ ಕಾದ. ಇದೂ ಹಳೆಯ ವಿದ್ಯೆಯೇ. ದೊಡ್ಡ ಭೂಕಂಪದ ಸದ್ದಿನೊಳಗೆ ಬಾಂಬು ಬಚ್ಚಿಡಬಹುದಲ್ಲ ಎಂದು ತಜ್ಞರು ಆರು ದಶಕಗಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದರು.

ಇಷ್ಟಾದ ಮೇಲೆ ನಾವು ಹೊಸ ನಿಯಮ ಕೇಳಿದೆವು. ಅನುಮಾನ ಬಂದಾಗ ನಾವು ಬಂದು ನೆಲ ನೋಡುತ್ತೇವೆ, ಪ್ಲೇಟ್ ಬಿದ್ದ ಗುರುತು ಇದೆಯೋ ಇಲ್ಲವೋ ಎಂದು. ‘ಎಷ್ಟು ಸಲ?’ ಎಂದ. ರಾತ್ರಿಗೆ ಐದು ಸಲ ಎಂದೆವು. ‘ಒಂದೇ ಸಲ.’ ಯಾಕೆ ಎಂದರೆ ಮೊದಲು ಹೇಳಲಿಲ್ಲ. ಆಮೇಲೆ ಬಾಯಿಬಿಟ್ಟ. ಆ ಹೊತ್ತಿನಲ್ಲಿ ಅವನು ಅಲ್ಲಿ ಕೂತು ಒಬ್ಬಳ ಜೊತೆ ಫೋನಿನಲ್ಲಿ ಮಾತಾಡುತ್ತಾನೆ. ‘ನೀವು ಪ್ಲೇಟ್ ನೋಡೋಕೆ ಅಂತ ಬರ್ತೀರಿ, ಬಂದು ಇನ್ನೇನೇನೋ ಕೇಳಿಸ್ಕೊಳ್ತೀರಿ.’ ಮಾತು ಬೆಳೆದು, ಎರಡು ದಿನ ಅವನು ನಮ್ಮ ಜೊತೆ ಮೆಸ್‌ಗೆ ಬರಲಿಲ್ಲ.

ಆ ಎರಡು ದಿನಗಳಲ್ಲಿ ನಾನು 1963ರ ಕಥೆಯನ್ನು ಮತ್ತೊಮ್ಮೆ ಓದಿದೆ. ನೆಲದೊಳಗಿನ ಪರೀಕ್ಷೆ ಒಪ್ಪಂದದಿಂದ ಹೊರಗುಳಿದದ್ದು ಇಂಥದ್ದೇ ಜಗಳದಿಂದ! ಅನುಮಾನದ ಕಂಪನ ಕಂಡಾಗ ಸ್ಥಳಕ್ಕೆ ಹೋಗಿ ನೋಡಬೇಕು ಎಂದು ಅಮೆರಿಕ ಹಟ ಹಿಡಿಯಿತು. ವರ್ಷಕ್ಕೆ ಇಪ್ಪತ್ತು ಸಲ ಎಂದು ಕೇಳುತ್ತಿದ್ದದ್ದು ಏಳಕ್ಕೆ ಇಳಿಯಿತು. ಸೋವಿಯತ್ ನಾಯಕ ಕ್ರುಶ್ಚೇವ್ ಮೂರಕ್ಕಿಂತ ಮೇಲೆ ಬರಲಿಲ್ಲ. ತಪಾಸಣೆಯ ಹೆಸರಿನಲ್ಲಿ ಬೇಹುಗಾರಿಕೆ ನಡೆಯುತ್ತದೆ ಎಂಬುದು ಸೋವಿಯತ್ತರ ಭಯ. ಏಳು ಮತ್ತು ಮೂರರ ನಡುವಿನ ಅಂತರದಲ್ಲಿ ಪೂರ್ಣ ನಿಷೇಧ ಮೂರು ದಶಕ ಮುಂದೆ ಹೋಯಿತು. ಅಷ್ಟರೊಳಗೆ ಭೂಮಿಯೊಳಗೆ ಸಿಡಿದ ಬಾಂಬುಗಳು ಸಾವಿರಕ್ಕೂ ಹೆಚ್ಚು.

ಬೀಗ ಮುರಿದದ್ದು ಸರ್ಕಾರಗಳಲ್ಲ ಎಂಬುದು ನನಗೆ ಇಷ್ಟವಾದ ಭಾಗ. 1986ರ ಜುಲೈನಲ್ಲಿ ಅಮೆರಿಕದ ಖಾಸಗಿ ಪರಿಸರ ಸಂಸ್ಥೆಯೊಂದು ಸೋವಿಯತ್ ವಿಜ್ಞಾನ ಅಕಾಡೆಮಿಯೊಂದಿಗೆ ನೇರವಾಗಿ ಮಾತಾಡಿ, ಕಜಾಕಸ್ತಾನದ ಸೆಮಿಪಲಾಟಿನ್ಸ್ಕ್ ಪರೀಕ್ಷಾ ಸ್ಥಳದಿಂದ ಹೆಚ್ಚು ದೂರವಲ್ಲದ ಕರ್ಕರಾಲಿನ್ಸ್ಕ್ ಎಂಬಲ್ಲಿ ಅಮೆರಿಕನ್ ವಿಜ್ಞಾನಿಗಳ ಕಂಪನಮಾಪಕ ಇಡಿಸಿತು. ಶತ್ರುವಿನ ಅಂಗಳದಲ್ಲಿ ಶತ್ರುವಿನ ಉಪಕರಣ! ಎರಡು ವರ್ಷದ ನಂತರ ಎರಡೂ ಸರ್ಕಾರಗಳು ಒಬ್ಬರ ಪರೀಕ್ಷೆಯನ್ನು ಇನ್ನೊಬ್ಬರು ಅಲ್ಲೇ ನಿಂತು ಅಳೆಯುವಷ್ಟು ಮುಂದೆ ಬಂದವು.

ಕಿವಿ ಸಿದ್ಧ, ಕಾಗದ ಬಾಕಿ

ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ, ಎಲ್ಲರ ಬಾಯಲ್ಲಿ ಸಿಟಿಬಿಟಿ, ಸಹಿಗೆ ತೆರೆದದ್ದು 1996ರ ಸೆಪ್ಟೆಂಬರ್ 24ರಂದು. ಅದಕ್ಕಾಗಿ ರೂಪಿಸಿದ ಜಾಲದಲ್ಲಿ ಒಟ್ಟು 337 ಕೇಂದ್ರಗಳು. ನೆಲದ ಕಂಪನಕ್ಕೆ 170, ಗಾಳಿಯ ಅತಿಮಂದ್ರ ಸದ್ದಿಗೆ 60, ಸಮುದ್ರದೊಳಗಿನ ಸದ್ದಿಗೆ 11, ಗಾಳಿಯಲ್ಲಿನ ವಿಕಿರಣ ಕಣಗಳಿಗೆ 80, ಜೊತೆಗೆ 16 ಪ್ರಯೋಗಾಲಯಗಳು. ಬಹುತೇಕ ಎಲ್ಲವೂ ಕಟ್ಟಿ ಮುಗಿದಿವೆ.

ಜಾಲ ಕೆಲಸ ಮಾಡುತ್ತದೆಯೇ? ಉತ್ತರ ಕೊರಿಯಾವನ್ನು ನೋಡಿ. 2006ರ ಅಕ್ಟೋಬರ್ 9ರಂದು ಅದು ಸಿಡಿಸಿದ ಮೊದಲ ಬಾಂಬು ಒಂದು ಕಿಲೋಟನ್ನಿಗೂ ಕಡಿಮೆ ಎಂಬ ಅಂದಾಜಿದೆ. ಹಿರೋಶಿಮಾದ್ದು ಸುಮಾರು 15 ಕಿಲೋಟನ್. ಆಗ ಜಾಲ ಅರ್ಧವೇ ಆಗಿತ್ತು, ಆದರೂ ಕಂಪನ ಸಿಕ್ಕಿತು. ಎರಡು ವಾರದ ಬಳಿಕ ಬಂಡೆಯ ಬಿರುಕಿನಿಂದ ಸೋರಿದ ಜೆನಾನ್ ಅನಿಲದ ಸುಳಿವು ಸಾವಿರಾರು ಮೈಲಿ ಆಚೆ ಸಿಕ್ಕಿತು. ಎಲ್ಲಿ ಗೊತ್ತೇ? ಯೆಲ್ಲೋನೈಫ್‌ನಲ್ಲಿ, ನಮ್ಮ ಗೌರಿಬಿದನೂರಿನ ಕೆನಡಾದ ಒಡಹುಟ್ಟು ಇರುವ ಊರಿನಲ್ಲಿ.

ಮಿತಿಯನ್ನೂ ಹೇಳಬೇಕು. ಅದಕ್ಕೆ ಉದಾಹರಣೆ ನಾವೇ. 1998ರ ಮೇ 11ರ ಪೋಖ್ರಾನ್ ಸ್ಫೋಟಗಳು ಜಗತ್ತಿಗೆಲ್ಲ ಕೇಳಿಸಿದವು. ಮೇ 13ರಂದು ಇನ್ನೆರಡು ಸಿಡಿಸಿದೆವು, ಕಿಲೋಟನ್ನಿಗಿಂತ ಚಿಕ್ಕವು ಎಂದು ಭಾರತ ಪ್ರಕಟಿಸಿತು. ಹೊರದೇಶಗಳ ಕಂಪನ ಕೇಂದ್ರಗಳಿಗೆ ಅವು ಕೇಳಿಸಲೇ ಇಲ್ಲ. ಅಂದಿನಿಂದ ಉಪಕರಣಗಳು ಸುಧಾರಿಸಿವೆ. ಆದರೂ ತೀರಾ ಚಿಕ್ಕದನ್ನು, ಹಾಸಿಗೆ ಹಾಸಿ ಸಿಡಿಸಿದ್ದನ್ನು, ದೂರದಿಂದ ಖಚಿತವಾಗಿ ಹಿಡಿಯುವ ಕಿವಿ ಇಲ್ಲ. ಅದಕ್ಕಾಗಿಯೇ ಸಿಟಿಬಿಟಿಯಲ್ಲಿ ಸ್ಥಳ ತಪಾಸಣೆಗೂ ಅವಕಾಶವಿದೆ. ಒಪ್ಪಂದ ಜಾರಿಗೆ ಬಂದರೆ ಮಾತ್ರ.

ಅದು ಜಾರಿಗೆ ಬಂದಿಲ್ಲ. ಪರಮಾಣು ರಿಯಾಕ್ಟರ್ ಇರುವ 44 ದೇಶಗಳ ಪಟ್ಟಿ ಮಾಡಿ, ಅಷ್ಟೂ ದೇಶಗಳು ಅನುಮೋದಿಸಿದರೆ ಮಾತ್ರ ಜಾರಿ ಎಂದು ಬರೆದಿದ್ದಾರೆ. ಅಮೆರಿಕ, ಚೀನಾ, ಇಸ್ರೇಲ್, ಈಜಿಪ್ಟ್, ಇರಾನ್ ಸಹಿ ಹಾಕಿವೆ, ಅನುಮೋದಿಸಿಲ್ಲ. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಅನುಮೋದಿಸಿದ್ದ ರಷ್ಯಾ 2023ರ ನವೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. 2025ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ತಮ್ಮ ದೇಶವೂ ಪರೀಕ್ಷೆಗೆ ಮರಳಲಿದೆ ಎಂಬ ಅರ್ಥದ ಆದೇಶವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದರು. ಎಂಜಿನಿಯರಿಂಗ್ ಓದುವ ನಮಗೆ ಒಂದು ಅಭ್ಯಾಸ, ಯಾವುದೇ ಸಮಸ್ಯೆಗೂ ಇನ್ನೊಂದಿಷ್ಟು ಒಳ್ಳೆಯ ಸೆನ್ಸರ್ ಇದ್ದರೆ ಸಾಕು ಎಂದುಕೊಳ್ಳುವುದು. ಇಲ್ಲಿ ಸೆನ್ಸರ್ ತನ್ನ ಕೆಲಸ ಮುಗಿಸಿ ಮೂವತ್ತು ವರ್ಷದಿಂದ ಸಹಿಗಾಗಿ ಕಾಯುತ್ತಾ ಕೂತಿದೆ.

ಪರೀಕ್ಷೆಯಾದರೂ ಸದ್ದು ಮಾಡುತ್ತದೆ. ಕಪಾಟಿನಲ್ಲಿಟ್ಟ ಸಿಡಿತಲೆ ಸದ್ದು ಮಾಡುವುದಿಲ್ಲ. ಅದನ್ನು ಎಣಿಸುವುದು ಹೇಗೆ? ಅಮೆರಿಕ ಮತ್ತು ರಷ್ಯಾ 2010ರಲ್ಲಿ ಮಾಡಿಕೊಂಡ ‘ನ್ಯೂ ಸ್ಟಾರ್ಟ್’ ಒಪ್ಪಂದ ಇದಕ್ಕೆ ಒಂದು ದಾರಿ ಕಂಡುಕೊಂಡಿತ್ತು. ನಿಯೋಜಿಸಿದ ದೂರಗಾಮಿ ಸಿಡಿತಲೆಗಳು ಇಬ್ಬರಿಗೂ 1,550 ಮೀರಬಾರದು. ವರ್ಷಕ್ಕೆ 18 ತಪಾಸಣೆ. ಒಬ್ಬರ ಕ್ಷಿಪಣಿ ನೆಲೆಗೆ ಇನ್ನೊಬ್ಬರ ತಪಾಸಣೆಗಾರರು ಬರುತ್ತಾರೆ. ಕ್ಷಿಪಣಿಯ ಮೂತಿ ತೆರೆಯುತ್ತಾರೆ. ಒಳಗಿನ ಸಿಡಿತಲೆಗಳಿಗೆ ಹೊದಿಕೆ ಹಾಕಿರುತ್ತಾರೆ, ವಿನ್ಯಾಸ ಕಾಣಬಾರದೆಂದು. ಬಂದವರು ಹೊದಿಕೆಯ ಉಬ್ಬುಗಳನ್ನು ಎಣಿಸುತ್ತಾರೆ. ‘ಇದು ಸಿಡಿತಲೆಯಲ್ಲ’ ಎಂದು ಮನೆಯವರು ಹೇಳಿದರೆ ನ್ಯೂಟ್ರಾನ್ ಮಾಪಕ ಹಿಡಿದು ನೋಡುತ್ತಾರೆ. ನನ್ನ ರೂಮ್‌ಮೇಟ್‌ನ ಫೋನ್ ಸಂಭಾಷಣೆಗೂ ಇಂಥದ್ದೊಂದು ಹೊದಿಕೆ ನಮಗೆ ಹೊಳೆಯಬೇಕಿತ್ತು.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಪಾಸಣೆ ನಿಂತಿತು. ಮತ್ತೆ ಶುರುವಾಗಲೇ ಇಲ್ಲ. ಉಕ್ರೇನ್ ಯುದ್ಧದ ನಡುವೆ, 2023ರ ಫೆಬ್ರವರಿಯಲ್ಲಿ, ರಷ್ಯಾ ಒಪ್ಪಂದದಿಂದ ಪಕ್ಕಕ್ಕೆ ಸರಿಯಿತು. ಅಷ್ಟರೊಳಗೆ ನಡೆದಿದ್ದ ತಪಾಸಣೆಗಳು 328. 2026ರ ಫೆಬ್ರವರಿ 5ಕ್ಕೆ ಒಪ್ಪಂದದ ಅವಧಿಯೇ ಮುಗಿಯಿತು. ಜಗತ್ತಿನ ಅಣ್ವಸ್ತ್ರಗಳು 1980ರ ದಶಕದ ಮಧ್ಯದಲ್ಲಿ 70 ಸಾವಿರದ ಆಸುಪಾಸಿನಲ್ಲಿದ್ದವು. ಸ್ಟಾಕ್‌ಹೋಮ್‌ನ ‘ಸಿಪ್ರಿ’ ಸಂಸ್ಥೆಯ 2025ರ ಜನವರಿಯ ಅಂದಾಜಿನಂತೆ ಉಳಿದಿರುವುದು ಸುಮಾರು 12,200. ಇಷ್ಟು ಇಳಿಯಲು ಈ ಎಣಿಕೆಗಳ ಪಾಲು ದೊಡ್ಡದು. ಎಣಿಕೆ ನಿಂತಾಗ ಎರಡೂ ಕಡೆಯ ಸೇನಾಧಿಕಾರಿಗಳು ಎದುರಿನವನ ಬಳಿ ಇರಬಹುದಾದ ಗರಿಷ್ಠವನ್ನೇ ಊಹಿಸಿ ಲೆಕ್ಕ ಹಾಕುತ್ತಾರೆ. ಚೀನಾದ ಬಳಿ ಈಗ ಸುಮಾರು 600 ಇವೆ, ಬೇಗ ಹೆಚ್ಚುತ್ತಿವೆ. ‘ನೀವಿಬ್ಬರು ನಮ್ಮ ಮಟ್ಟಕ್ಕೆ ಇಳಿಯಿರಿ, ಆಮೇಲೆ ಕರೆಯಿರಿ’ ಎಂಬುದು ಅದರ ನಿಲುವು. ರಣರಂಗದಲ್ಲಿ ಬಳಸುವ ಚಿಕ್ಕ ಅಣ್ವಸ್ತ್ರಗಳನ್ನಂತೂ ಯಾವ ಒಪ್ಪಂದವೂ ಹೀಗೆ ಹೋಗಿ ಎಣಿಸಿದ್ದೇ ಇಲ್ಲ. ಮುಂದಿನ ಒಪ್ಪಂದ ಬಂದರೆ ಅದರ ಕಠಿಣ ಭಾಗ ಇದೇ. ವಿನ್ಯಾಸದ ಗುಟ್ಟು ಬಿಡದೆ ‘ಇದು ನಿಜವಾದ ಸಿಡಿತಲೆ’ ಎಂದು ಸಾಬೀತು ಮಾಡುವ ಉಪಕರಣ ಬೇಕು. ಅದರ ಮೇಲೆ ಭೌತವಿಜ್ಞಾನಿಗಳು, ಕ್ರಿಪ್ಟೊಗ್ರಫಿಯವರು ಕೆಲಸ ಮಾಡುತ್ತಿದ್ದಾರೆ.

ನಮ್ಮ ಮಾತು

ಭಾರತ ಸಹಿ ಹಾಕದ್ದು ತಪ್ಪು ಎಂದು ನಾನು ಸುಲಭವಾಗಿ ಹೇಳಲಾರೆ. 1954ರ ಏಪ್ರಿಲ್ 2ರಂದು, ಇನ್ನೂ ಯಾರೂ ಮಾತೆತ್ತದಿದ್ದಾಗ, ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಲೋಕಸಭೆಯಲ್ಲಿ ಕೇಳಿದ್ದು ನೆಹರೂ. 1968ರ ಪ್ರಸರಣ ತಡೆ ಒಪ್ಪಂದ, ಅಂದರೆ ಎನ್‌ಪಿಟಿ, 1967ಕ್ಕೆ ಮೊದಲು ಬಾಂಬು ಸಿಡಿಸಿದ ಐವರಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ಎಂದಿತು. ಐವರೂ ತಮ್ಮದನ್ನು ಕಳಚುವತ್ತ ಮಾತುಕತೆ ನಡೆಸಬೇಕು ಎಂದು ಅದೇ ಒಪ್ಪಂದದಲ್ಲಿದೆ. ಅರ್ಧ ಶತಮಾನ ದಾಟಿತು. 1996ರಲ್ಲಿ ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಸಿಟಿಬಿಟಿಗೆ ಒಲ್ಲೆ ಎಂದಾಗ ಈ ಸಿಟ್ಟೂ ಅದರಲ್ಲಿತ್ತು. ಚೀನಾ ಪಕ್ಕದಲ್ಲಿದೆ ಎಂಬುದೂ ಇತ್ತು. 1998ರ ನಂತರ ನಾವಾಗಿಯೇ ಪರೀಕ್ಷೆ ನಿಲ್ಲಿಸಿದ್ದೇವೆ, ಆ ಮಾತಿಗೆ ತಪ್ಪಿಲ್ಲ.

ನನ್ನ ತಕರಾರು ಬೇರೆ. ನಾಲ್ಕು ಒಡಹುಟ್ಟು ಕೇಂದ್ರಗಳಲ್ಲಿ ಎಸ್ಕ್‌ಡೇಲ್‌ಮೂರ್, ಯೆಲ್ಲೋನೈಫ್, ವಾರಾಮುಂಗಾ ಮೂರೂ ಇಂದು ಆ 337ರ ಜಾಲದಲ್ಲಿವೆ. ಗೌರಿಬಿದನೂರು ಹೊರಗಿದೆ. ಹಿಮಾಲಯದ ದಕ್ಷಿಣಕ್ಕೆ, ಹಳೆಯ ಗಟ್ಟಿ ಬಂಡೆಯ ಮೇಲೆ, ಇಷ್ಟು ವರ್ಷಗಳ ಅನುಭವವಿರುವ ಕಿವಿ. ಅದು ಕೇಳಿದ್ದನ್ನು ಹಂಚಿಕೊಳ್ಳಲು ಸಿಟಿಬಿಟಿಗೆ ಸಹಿ ಹಾಕಲೇಬೇಕೆಂದಿಲ್ಲ. ಪಾಕಿಸ್ತಾನ ಸಹಿ ಹಾಕದೆಯೂ ವಿಯೆನ್ನಾದ ಸಭೆಗಳಲ್ಲಿ ವೀಕ್ಷಕನಾಗಿ ಕೂರುತ್ತದೆ. ನಾವು ಕೂರಬಹುದು, ನಮ್ಮ ದತ್ತಾಂಶ ಕೊಟ್ಟು ಅವರದ್ದು ಕೇಳಬಹುದು. ಇದು ಸಹಿಯತ್ತ ಜಾರುವ ಮೊದಲ ಮೆಟ್ಟಿಲಾದೀತು ಎಂಬ ಅಳುಕು ದೆಹಲಿಯಲ್ಲಿ ಇರಬಹುದು. ನನಗೆ ಹಾಗನ್ನಿಸುವುದಿಲ್ಲ. ಲಾಪ್ ನೂರ್‌ನಲ್ಲೋ ಚಾಗೈನಲ್ಲೋ ನಾಳೆ ಏನಾದರೂ ಸಿಡಿದರೆ ‘ನಮ್ಮ ಉಪಕರಣ ಹೀಗೆ ಹೇಳುತ್ತದೆ’ ಎಂದು ನಾವೊಬ್ಬರೇ ಹೇಳುವುದಕ್ಕೂ, ಜಗತ್ತು ಆಗಲೇ ಪರೀಕ್ಷಿಸಿ ನಂಬಿರುವ ಉಪಕರಣ ಹೇಳುವುದಕ್ಕೂ ವ್ಯತ್ಯಾಸವಿದೆ.

ಕೊಟ್ಟುಕೊಳ್ಳುವುದು ನಮಗೆ ಹೊಸತೂ ಅಲ್ಲ. ಭಾರತ ಮತ್ತು ಪಾಕಿಸ್ತಾನ ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು 1988ರ ಡಿಸೆಂಬರ್ 31ರಂದು ಒಪ್ಪಿಕೊಂಡವು. ಅದರಂತೆ 1992ರಿಂದ ಪ್ರತಿ ಜನವರಿ 1ಕ್ಕೆ ತಮ್ಮ ಸ್ಥಾವರಗಳ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತವೆ. ಕಾರ್ಗಿಲ್ ಆದ ಮೇಲಿನ ಜನವರಿಯಲ್ಲೂ ಕೊಟ್ಟುಕೊಂಡವು, ಪುಲ್ವಾಮಾ ಆದ ಮೇಲಿನ ಜನವರಿಯಲ್ಲೂ. ಪಟ್ಟಿ ಸರಿಯಿದೆಯೇ ಎಂದು ಹೋಗಿ ನೋಡುವ ಏರ್ಪಾಡು ಅದರಲ್ಲಿಲ್ಲ. ಆದರೂ ಹೊಸವರ್ಷದ ದಿನ ದೆಹಲಿಯಲ್ಲೂ ಇಸ್ಲಾಮಾಬಾದ್‌ನಲ್ಲೂ ಒಬ್ಬೊಬ್ಬ ಅಧಿಕಾರಿ ಲಕೋಟೆ ಹಿಡಿದು ಹೋಗುತ್ತಾರೆ.

ಇದನ್ನೆಲ್ಲ ಹೇಳಿದರೆ ಕ್ಲಾಸಿನಲ್ಲಿ ಬರುವ ಮೊದಲ ಪ್ರಶ್ನೆ, ‘ಪ್ಯಾಕೇಜ್ ಎಷ್ಟು ಮಗಾ?’ ಸಾಫ್ಟ್‌ವೇರ್ ಕಂಪನಿಯಷ್ಟು ಇಲ್ಲ, ಒಪ್ಪುತ್ತೇನೆ. ಆದರೆ ದಾರಿ ಇದೆ. ಗೇಟ್ ಅಂಕದ ಮೇಲೆ ಭಾಭಾ ಕೇಂದ್ರದ ತರಬೇತಿ ಶಾಲೆಗೆ ಅರ್ಜಿ ಹಾಕಬಹುದು. ಹೈದರಾಬಾದ್‌ನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಇದೆ. ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೆ ತಪಾಸಣೆಗಾರರು ಬೇಕೇ ಬೇಕು, ಭಾರತ ಅದರ ಸದಸ್ಯ. ಸಿಗ್ನಲ್ ಪ್ರೊಸೆಸಿಂಗ್ ಪೇಪರ್‌ನಲ್ಲಿ ಬ್ಯಾಕ್ ಉಳಿಸಿಕೊಂಡಿರುವ ಗೆಳೆಯರು ಬೇಗ ಮುಗಿಸಿಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಕಳೆದ ಸಲ ಊರಿಗೆ ಹೋದಾಗ ತಾತನಿಗೆ ಎಲ್ಲ ವಿವರಿಸಿದೆ. ಲ್ಯಾಪ್‌ಟಾಪ್‌ನಲ್ಲಿ ನಮ್ಮ ಮೈದಾನದ ಗೆರೆಗಳನ್ನೂ ತೋರಿಸಿದೆ. ಅವರು ಪೂರ್ತಿ ಕೇಳಿ, ‘ಹಂಗಾದ್ರೆ ನಮ್ಮ ಆಫೀಸಿನವರು ಕೇಳಿಸ್ಕೊಂಡದ್ದನ್ನ ಯಾರಿಗೆ ಹೇಳ್ತಾರೆ?’ ಎಂದರು. ಆಗ ನನ್ನ ಬಳಿ ಉತ್ತರ ಇರಲಿಲ್ಲ.

ಪ್ರಾಜೆಕ್ಟ್‌ಗೆ ಒಳ್ಳೆಯ ಅಂಕ ಬಂತು. ವರದಿಯ ಕೊನೆಯಲ್ಲಿ ಮೂರನೇ ರಾತ್ರಿಯ ಗ್ರಾಫ್ ಹಾಕಿದ್ದೇವೆ. 9.42ಕ್ಕೆ ಗೂಡ್ಸ್ ರೈಲು ಬರುತ್ತದೆ, ಗೆರೆ ಉಬ್ಬುತ್ತದೆ, ಆ ಉಬ್ಬಿನ ನಡುವೆ ಒಂದು ಸಣ್ಣ ಮುಳ್ಳು. ಪ್ಲೇಟ್ ಬಿದ್ದದ್ದೂ ಇರಬಹುದು, ಹಳಿಯ ಜೋಡಣೆಯೂ ಇರಬಹುದು. ವೈವಾದಲ್ಲಿ ಬಂದ ಎಕ್ಸ್‌ಟರ್ನಲ್ ಕೂಡ ಅದರ ಮೇಲೇ ಬೆರಳಿಟ್ಟು ಕೇಳಿದರು. ರೂಮ್‌ಮೇಟ್ ಈಗ ನಮ್ಮ ಜೊತೆಗೇ ಮೆಸ್‌ಗೆ ಬರುತ್ತಾನೆ. ಅವತ್ತು ಬೀಳಿಸಿದ್ದೆಯೋ ಇಲ್ಲವೋ ಎಂದು ಕೇಳಿದರೆ ಸಾಂಬಾರು ಬಡಿಸಿಕೊಳ್ಳುತ್ತಾ ಬೇರೆ ಮಾತು ತೆಗೆಯುತ್ತಾನೆ.